ಹಳೇ ಜಲವರ್ಣ ಹಾಳೆ: ವಾಶ್ ಹಾಕಿದಲ್ಲೆಲ್ಲ ಕಪ್ಪು ಚುಕ್ಕೆ. ತಪ್ಪು ಕೈಯದ್ದೋ ಕಾಗದದ್ದೋ?

ತುಂಗೆದಡ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್, ಹೈಯರ್ ಎರಡೂ ಪಾಸು ಮಾಡಿದವಳು ನಾನು. ಡಿಗ್ರಿ ಮುಗಿಯುವ ತನಕ ಜಲವರ್ಣ ಬಿಟ್ಟಿರಲಿಲ್ಲ. ಆಮೇಲೆ ಕೆಲಸ, ಮದುವೆ, ಮಕ್ಕಳು. ಬ್ರಷ್ ಮುಟ್ಟಿ ಇಪ್ಪತ್ತು ವರ್ಷದ ಮೇಲಾಯಿತು. ಈಗ ಮಗಳು ಹಾಸ್ಟೆಲ್ ಸೇರಿದ್ದಾಳೆ, ಸಂಜೆ ಹೊತ್ತು ಬಿಡುವು ಸಿಗುತ್ತಿದೆ. ತೀರ್ಥಹಳ್ಳಿಯ ತವರುಮನೆ ಬೀರುವಿನಲ್ಲಿ ನನ್ನ ಸಾಮಾನೆಲ್ಲ ಹಾಗೇ ಇತ್ತು. ಬೆಂಗಳೂರಿಗೆ ತಂದುಕೊಂಡೆ.

ಸಮಸ್ಯೆ ಇದು. ಆಕಾಶಕ್ಕೆ ಅಂತ ಒಂದು ಸಾದಾ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ತೆಳು ಪದರ, ಹಾಕಿದರೆ ಹಾಳೆ ತುಂಬ ಸಣ್ಣ ಸಣ್ಣ ಗಾಢ ಚುಕ್ಕೆ ಏಳುತ್ತಿವೆ. ಒಣ ಹಾಳೆಯಲ್ಲಿ ಏನೂ ಕಾಣುವುದಿಲ್ಲ. ನೀರು ತಾಗಿದ ಕೂಡಲೇ ಕಾಣುತ್ತದೆ. ಬ್ರಷ್ ಎಳೆದ ಗುರುತೂ ಉಳಿಯುತ್ತದೆ. ಒಣಗಿದ ಮೇಲೆ ಬಣ್ಣ ಮಂಕು. ಒದ್ದೆ ಬ್ರಷ್‌ನಿಂದ ಬಣ್ಣ ಎತ್ತೋಣ ಅಂದರೆ ಒಂಚೂರೂ ಏಳುವುದಿಲ್ಲ. ಕೈ ಪೂರ್ತಿ ಹೋಗಿಬಿಟ್ಟಿದೆಯಾ ಅಂತ ಬೇಜಾರಾಗುತ್ತಿದೆ. ಟ್ಯೂಬ್‌ಗಳು ಬೇರೆ ಕಲ್ಲಾಗಿವೆ. ಏನು ಮಾಡಲಿ?

ಕಾಗದಹುಳ

ಸ್ವಾಗತ ಮೇಡಂ. ಕೈ ಬಗ್ಗೆ ಈಗಲೇ ತೀರ್ಮಾನ ಬೇಡ. ನೀವು ಹೇಳಿದ ಲಕ್ಷಣಕ್ಕೆ ನನ್ನ ಅನುಮಾನ ಕಾಗದದ ಮೇಲೆ. ಆದರೆ ಕೆಲವು ವಿಷಯ ಗೊತ್ತಾಗಬೇಕು.

ಹಾಳೆ ಎಷ್ಟು ಜಿ.ಎಸ್.ಎಂ., ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕದ್ದು? ಹತ್ತಿಯದೋ, ಮರದ ತಿರುಳಿನದೋ? ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇತ್ತಾ, ಸುಮ್ನೆ ಹಾಗೇ ಇತ್ತಾ? ಬಣ್ಣ ಹಚ್ಚುವಾಗ ಫ್ಯಾನ್ ಓಡುತ್ತಿತ್ತಾ? ಮತ್ತೆ ಚುಕ್ಕೆ ಸುತ್ತಲಿನ ಬಣ್ಣಕ್ಕಿಂತ ಗಾಢವೋ ತಿಳಿಯೋ, ಇನ್ನೊಮ್ಮೆ ನೋಡಿ ಹೇಳಿ. ತಿಳಿ ಚುಕ್ಕೆ ಅಂದರೆ ಅಲ್ಲಿ ಜಿಡ್ಡು ತಾಗಿದೆ ಅಂತ ಅರ್ಥ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಹಾಳೆ ಹಿಡಿದರೂ ಹಾಗಾಗುತ್ತದೆ, ಆ ಜಾಗ ನೀರನ್ನು ಹತ್ತಿರ ಸೇರಿಸುವುದಿಲ್ಲ. ಗಾಢ ಚುಕ್ಕೆಯ ಕಥೆ ಬೇರೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಅಂಗಡಿಯಿಂದ ಒಂದೇ ಒಂದು ಹೊಸ ಜಲವರ್ಣ ಹಾಳೆ ತನ್ನಿ. ಹಳೇದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಹನಿ ಬರೀ ನೀರು ಹಾಕಿ ನೋಡುತ್ತಾ ಕುಳಿತುಕೊಳ್ಳಿ. ಬಣ್ಣ, ಬ್ರಷ್ ಏನೂ ಬದಲಾಯಿಸಬೇಡಿ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿದರೆ ಮಾತ್ರ ಕಳ್ಳ ಸಿಕ್ಕಿಬೀಳುತ್ತಾನೆ.

ಹುಬ್ಳಿಕುಂಚ

ಅಕ್ಕಾರ, ಇಷ್ಟೆಲ್ಲ ಯಾಕ್ರಿ? ಹಳೇದೆಲ್ಲ ರದ್ದಿಗೆ ಹಾಕಿ ಹೊಸ ಕಿಟ್ ತಗೊಳ್ಳಿ. ಯೂಟ್ಯೂಬ್ ನೋಡಿಕೊಂಡು ದಿನಾ ಪ್ರಾಕ್ಟೀಸ್ ಮಾಡಿದರೆ ಕೈ ತಾನಾಗಿ ಬರುತ್ತದೆ.

ಕಾಗದಹುಳ

ಕಾರಣ ಗೊತ್ತಾಗದೆ ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಹೇಗೆ ತಿಳಿಯುತ್ತದೆ ತಮ್ಮ? ಹೊಸ ಹಾಳೆಯನ್ನೂ ಅದೇ ಬೀರುವಿನಲ್ಲಿ ಇಟ್ಟರೆ ಅದಕ್ಕೂ ಅದೇ ಗತಿ.

ತುಂಗೆದಡ

ಪರೀಕ್ಷೆ ಮಾಡಿದೆ. ಹಾಳೆ 300 ಜಿ.ಎಸ್.ಎಂ., ಹತ್ತಿಯದು. ಆಗಿನ ಕಾಲಕ್ಕೆ ದುಬಾರಿ ಅಂತ ಉಳಿಸಿ ಉಳಿಸಿ ಇಟ್ಟಿದ್ದೆ! ಕವರ್ ಏನೂ ಇರಲಿಲ್ಲ, ಒಂದು ರಟ್ಟಿನ ಫೈಲಿನಲ್ಲಿ ಇತ್ತು. ಬೀರು ಗೋಡೆಗೆ ಅಂಟಿಕೊಂಡೇ ಇದೆ. ಆ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ.

ಹೊಸ ಹಾಳೆಯ ಮೇಲೆ ನೀರಿನ ಹನಿ ಉರುಟಾಗಿ ನಿಂತಿತು. ನಾನು ಟೀ ಸೋಸಿಕೊಂಡು ಬರುವಾಗಲೂ ಹೆಚ್ಚುಕಡಿಮೆ ಹಾಗೇ ಇತ್ತು. ಹಳೇ ಹಾಳೆಯಲ್ಲಿ ಒಂದು ಕಡೆ ನಿಂತಿತು, ಅದರಿಂದ ಎರಡು ಬೆರಳು ಆಚೆ ಹಾಕಿದ ಹನಿ ಇಟ್ಟ ಕೂಡಲೇ ಇಂಗಿ ಹೋಯಿತು. ತಿರುಗಿಸಿದರೆ ಹಿಂದೆಯೂ ಒದ್ದೆ. ಚುಕ್ಕೆ ಗಾಢವೇ.

ಕಾಗದಹುಳ

ಹಾಗಾದರೆ ಕಳ್ಳ ಸಿಕ್ಕಿದ. ಹಾಳೆಯ ಸೈಜಿಂಗ್ ಹೋಗಿದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮನೆಯಲ್ಲಿ ಹಳೇ ಹಾಳೆ ಇಟ್ಟುಕೊಂಡವರು ಇಲ್ಲಿ ಬಹಳ ಜನ ಇದ್ದಾರೆ.

ಹತ್ತಿಯ ನಾರಿನ ಸ್ವಭಾವವೇ ನೀರು ಕುಡಿಯುವುದು. ಹಾಗೇ ಬಿಟ್ಟರೆ ಅದು ಬ್ಲಾಟಿಂಗ್ ಪೇಪರ್. ಬಣ್ಣ ಸ್ವಲ್ಪ ಹೊತ್ತು ಮೇಲ್ಗಡೆಯೇ ನಿಲ್ಲಲಿ ಅಂತ ಕಾಗದ ತಯಾರಿಸುವಾಗ ಅದಕ್ಕೆ ಒಂದು ಅಂಟು ಸೇರಿಸುತ್ತಾರೆ, ಕಾಟನ್ ಸೀರೆಗೆ ಗಂಜಿ ಹಾಕಿದ ಹಾಗೆ. ಅದೇ ಸೈಜಿಂಗ್. ಫ್ರಾನ್ಸಿನ ಆರ್ಶ್ ಕಾಗದದಲ್ಲಿ ಅದು ಜೆಲಾಟಿನ್. ಇಟಲಿಯ ಫಾಬ್ರಿಯಾನೊ ಆರ್ತಿಸ್ತಿಕೊದಲ್ಲಿ ಪ್ರಾಣಿಯಿಂದ ಬಂದದ್ದು ಏನೂ ಇಲ್ಲ. ನಮ್ಮ ಕಡೆ ಮಿನಿಯೇಚರ್ ಚಿತ್ರ ಬರೆಯುವ ವಸಲಿ ಕಾಗದಕ್ಕೆ ಹಿಟ್ಟಿನ ಅಂಟಿನಿಂದ ಪದರ ಪದರ ಅಂಟಿಸಿ ಮೇಲೆ ನಯಗೊಳಿಸುತ್ತಾರೆ, ಹುಳ ಬೀಳದಿರಲಿ ಅಂತ ಅಂಟಿಗೆ ಮೈಲುತುತ್ತ ಸೇರಿಸುವುದೂ ಉಂಟು.

ಈ ಸೈಜಿಂಗ್‌ಗೆ ತೇವ ಆಗಿಬರುವುದಿಲ್ಲ. ಜೆಲಾಟಿನ್ ಅಂದರೆ ಬೂಷ್ಟಿಗೆ ಊಟವೇ. ಇನ್ನು ನಿಮ್ಮ ಊರು ನೋಡಿ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ. ಅಂಥ ಕಡೆ ಒದ್ದೆ ಗೋಡೆಯ ಪಕ್ಕ, ರಟ್ಟಿನ ಫೈಲಿನಲ್ಲಿ, ಇಷ್ಟು ಮಳೆಗಾಲ ಕಳೆದಿದೆ ಆ ಹಾಳೆ. ಸೈಜಿಂಗ್ ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ, ಅಲ್ಲಲ್ಲಿ ಹೋಗುತ್ತದೆ. ಹೋದ ಕಡೆ ಬಣ್ಣ ಒಳಗಿಳಿದು ಗಾಢವಾಗಿ ಕಾಣುತ್ತದೆ, ಉಳಿದ ಕಡೆ ಮೇಲೆ ನಿಲ್ಲುತ್ತದೆ. ಅದೇ ನಿಮ್ಮ ಚುಕ್ಕೆ. ಒಳಗಿಳಿದ ಬಣ್ಣ ನಾರುಗಳ ನಡುವೆ ಸೇರಿಕೊಳ್ಳುವುದರಿಂದ ಹೊಳಪು ಸಾಯುತ್ತದೆ, ಎತ್ತಲೂ ಬರುವುದಿಲ್ಲ. ನೀವು ಬರೆದ ಲಕ್ಷಣಗಳಿಗೆಲ್ಲ ಇದೊಂದೇ ಕಾರಣ.

ಉಡುಪಿವಾಶ್

ಕರಾವಳಿಯವರಿಗೆ ಇದು ಹಳೇ ಪರಿಚಯ ಮಾರಾಯ್ರೆ! ನಾನು ಮರುಸೈಜಿಂಗ್ ಮಾಡಿ ಬಳಸಿದ್ದೇನೆ. ಸಪ್ಪೆ ಜೆಲಾಟಿನ್ ಪುಡಿ, ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವಂಥದ್ದು. ಸಕ್ಕರೆ, ಪರಿಮಳ ಹಾಕಿದ ಜೆಲ್ಲಿ ಪ್ಯಾಕೆಟ್ ಬೇಡ, ಇರುವೆ ಮೆರವಣಿಗೆ ಬರುತ್ತದೆ. 200 ಎಂ.ಎಲ್. ತಣ್ಣೀರಿಗೆ 5 ಗ್ರಾಂ ಪುಡಿ ಉದುರಿಸಿ. ಉಬ್ಬಿಕೊಳ್ಳಲು ಕಾಲು ಗಂಟೆ ಬಿಡಿ. ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಆ ಪಾತ್ರೆ ಇಟ್ಟು ಕರಗಿಸಿ. ಕುದಿಯಲು ಬಿಡಬೇಡಿ, ಕುದಿದರೆ ಅಂಟಿನ ಬಲ ಕಡಿಮೆಯಾಗುತ್ತದೆ. ಬೆಚ್ಚಗಿರುವಾಗಲೇ ಅಗಲ ಬ್ರಷ್‌ನಿಂದ ಎರಡೂ ಬದಿಗೆ ತೆಳ್ಳಗೆ ಹಚ್ಚಿ, ಕ್ಲಿಪ್ ಹಾಕಿ ತಂತಿಗೆ ನೇತುಹಾಕಿ. ಬಿಸಿಲಿಗೆ ಬೇಡ, ನೆರಳಲ್ಲಿ ಗಾಳಿಯಾಡಲಿ.

ಕೆಲವರು ಪಟಿಕ ಸೇರಿಸುತ್ತಾರೆ. ಅಂಟು ಗಟ್ಟಿಯಾಗುವುದು ಹೌದು, ಆದರೆ ಕಾಗದಕ್ಕೆ ಹುಳಿ ಅಂಶ ಬಂದು ಬಾಳಿಕೆ ಕಡಿಮೆಯಾಗುತ್ತದೆ. ನಾನು ಹಾಕುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಹೊಸ ಹಾಳೆಯಷ್ಟು ಚೆಂದ ಆಗುವುದಿಲ್ಲ. ಚುಕ್ಕೆ ತುಂಬ ಕಡಿಮೆಯಾಗುತ್ತದೆ, ಅಷ್ಟೇ. ಬೂಷ್ಟಿನ ವಾಸನೆ ಬರುವ, ಕಂದು ಕಲೆ ಬಿದ್ದ ಹಾಳೆಗೆ ಈ ಕಷ್ಟ ಪಡಲೇಬೇಡಿ.

ತುಂಗೆದಡ

ಜೆಲಾಟಿನ್ ಅಂದರೆ ನಮ್ಮ ಅತ್ತೆ ಅಡುಗೆಮನೆ ಒಳಗೆ ಬಿಡುವುದಿಲ್ಲ 😄 ಬೇರೆ ದಾರಿ ಇದೆಯಾ?

ಉಡುಪಿವಾಶ್

ಅತ್ತೆಯವರ ಮಾತು ಮೀರಬೇಡಿ 😄 ವಾಟರ್‌ಕಲರ್ ಗ್ರೌಂಡ್ ಅಂತ ಡಬ್ಬಿಯಲ್ಲಿ ಸಿಗುತ್ತದೆ, ಅಕ್ರಿಲಿಕ್ ಮೂಲದ್ದು. ಅದನ್ನು ಹಾಳೆಗೆ ಹಚ್ಚಿ ಪೂರ್ತಿ ಒಣಗಿಸಿ ಅದರ ಮೇಲೆ ಜಲವರ್ಣ ಹಾಕಬಹುದು. ಆದರೆ ಹತ್ತಿ ಕಾಗದದ ಗುಣ ಅದರಲ್ಲಿ ಇರುವುದಿಲ್ಲ, ಬಣ್ಣ ಬೇಗ ಎದ್ದು ಬರುತ್ತದೆ. ಡಬ್ಬಿಯ ದುಡ್ಡಿಗೆ ಹೊಸ ಹಾಳೆಯೇ ಬರುತ್ತದೆ ಅನ್ನುವುದು ನನ್ನ ಲೆಕ್ಕ.

ಕಾಗದಹುಳ

ಟ್ಯೂಬ್ ವಿಷಯ ಉಳಿಯಿತು. ಕಲ್ಲಾದ ಜಲವರ್ಣ ಬಿಸಾಡಬೇಡಿ. ಅದರಲ್ಲಿರುವ ಅಂಟು ಗಮ್ ಅರೇಬಿಕ್, ನೀರಿಗೆ ಮತ್ತೆ ಕರಗುತ್ತದೆ. ಟ್ಯೂಬಿನ ಬೆನ್ನನ್ನು ಬ್ಲೇಡಿನಿಂದ ಸೀಳಿ, ಗಟ್ಟಿ ಬಣ್ಣ ತೆಗೆದು ಸಣ್ಣ ಡಬ್ಬಿಗೆ ಹಾಕಿ, ಮೇಲೆ ನೀರು ಚಿಮುಕಿಸಿ ರಾತ್ರಿ ಬಿಡಿ. ಬಿರುಕು ಬಿಡುತ್ತಿದ್ದರೆ ಒಂದು ಹನಿ ಗ್ಲಿಸರಿನ್ ಸಾಕು. ಜಾಸ್ತಿಯಾದರೆ ಬೆಂಗಳೂರಿನ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಬೂಷ್ಟು ಬಂದಿದ್ದರೆ ಮಾತ್ರ ಎಸೆಯಿರಿ. ಅಕ್ರಿಲಿಕ್ ಟ್ಯೂಬ್ ಕಲ್ಲಾಗಿದ್ದರೆ ಅದಕ್ಕೆ ಮದ್ದಿಲ್ಲ.

ಅದರಲ್ಲಿ ಅಲಿಜರಿನ್ ಕ್ರಿಮ್ಸನ್ ಅನ್ನುವ ಗಾಢ ಕೆಂಪು ಇದ್ದರೆ ಟ್ಯೂಬಿನ ಮೇಲಿನ ಅಕ್ಷರ ನೋಡಿ. ಪಿ.ಆರ್. 83 ಅಂತ ವರ್ಣದ್ರವ್ಯದ ಸಂಕೇತ ಇದ್ದರೆ ಅದು ಬೆಳಕಿಗೆ ಮಾಸುವ ಬಣ್ಣ. ಅಭ್ಯಾಸಕ್ಕೆ ಬಳಸಿ, ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ.

ತುಂಗೆದಡ

ಹೊಸ ಹತ್ತಿ ಹಾಳೆಯ ಮೇಲೆ ಹಾಕಿ ನೋಡಿದೆ. ಚುಕ್ಕೆ ಒಂದೂ ಇಲ್ಲ! ಟ್ಯೂಬಿನ ನೀಲಿಯೂ ಜೀವ ಬಂದು ಎದ್ದಿದೆ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಆದರೆ ಇನ್ನೂ ಎರಡು ತೊಂದರೆ ಇದೆ. ಆಕಾಶದ ನಡುವೆ ಅಡ್ಡಗೆರೆ ನಿಲ್ಲುತ್ತದೆ. ಕೆಳಗಡೆ ಅಂಚು ಸೊಟ್ಟಗಿರುವ ಬಿಳಿಚು ಕಲೆ, ಬಣ್ಣವನ್ನು ಯಾರೋ ಹಿಂದಕ್ಕೆ ತಳ್ಳಿದ ಹಾಗಿದೆ. ಇದಾದರೂ ಕೈ ತಪ್ಪಾ?

ನಿವೃತ್ತಮೇಷ್ಟ್ರು

ಇದು ಕೈಯದ್ದೇ ಅಮ್ಮ. ಆದರೆ ಕೈ ಹೋಗಿಲ್ಲ, ಅವಸರ ಜಾಸ್ತಿಯಾಗಿದೆ. ಲೋವರ್, ಹೈಯರ್ ಮುಗಿಸಿದವರು ಅಂದಿರಿ, ಗೀಟು ಮರೆತಿರುವುದಿಲ್ಲ. ಮರೆಯುವುದು ನೀರಿನ ಲೆಕ್ಕ.

ಮೊದಲು ಫ್ಯಾನ್ ಆಫ್ ಮಾಡಿ. ನೀವು ಎರಡನೇ ಸಲ ಬ್ರಷ್ ತುಂಬಿಕೊಳ್ಳುವಷ್ಟರಲ್ಲಿ ಮೊದಲ ಪಟ್ಟಿಯ ಅಂಚು ಒಣಗಿದರೆ ಗೆರೆ ನಿಂತೇ ನಿಲ್ಲುತ್ತದೆ. ಬಣ್ಣವನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಕಲಸಿಟ್ಟುಕೊಳ್ಳಿ. ಆಕಾಶ ಅರ್ಧಕ್ಕೆ ಬಂದಾಗ ಬಟ್ಟಲು ಖಾಲಿಯಾಗಿ ಮತ್ತೆ ಕಲಸಲು ಹೋದರೆ ಆಟ ಮುಗಿಯಿತು. 12ನೇ ನಂಬರಿನ ಉರುಟು ಬ್ರಷ್ ಅಥವಾ ಒಂದು ಇಂಚಿನ ಚಪ್ಪಟೆ ಬ್ರಷ್ ಹಿಡಿಯಿರಿ. ಬೋರ್ಡಿನ ಮೇಲ್ತುದಿಗೆ ಒಂದು ದಪ್ಪ ಪುಸ್ತಕ ಕೊಟ್ಟು ಇಳಿಜಾರು ಮಾಡಿ. ಪಟ್ಟಿ ಎಳೆದಾಗ ಅದರ ಕೆಳಗಂಚಿನಲ್ಲಿ ಬಣ್ಣದ ನೀರು ದಪ್ಪಗೆ ಒಂದು ಸಾಲು ಕಟ್ಟಬೇಕು. ಮುಂದಿನ ಪಟ್ಟಿಯ ಬ್ರಷ್ ಆ ಸಾಲನ್ನು ಮುಟ್ಟಿ ಕೆಳಗೆ ಎಳೆದುಕೊಂಡು ಹೋಗಬೇಕು. ಸಾಲು ಕಟ್ಟಲಿಲ್ಲ ಅಂದರೆ ಬ್ರಷ್‌ನಲ್ಲಿ ನೀರು ಕಡಿಮೆ.

ಇನ್ನು ಆ ಸೊಟ್ಟ ಅಂಚಿನ ಕಲೆ. ಬ್ಲೂಮ್ ಅನ್ನುತ್ತಾರೆ. ಆಕಾಶ ಮುಗಿದ ಮೇಲೆ ಕೆಳಗಡೆ ನೀರು ನಿಂತಿದ್ದನ್ನು ಹಾಗೇ ಬಿಟ್ಟಿದ್ದೀರಿ. ಮೇಲಿನ ಭಾಗ ಅರೆ ಒಣಗಿದಾಗ ಆ ನೀರು ವಾಪಸ್ ಮೇಲಕ್ಕೆ ಹರಿದು ಬಣ್ಣವನ್ನು ತಳ್ಳಿಕೊಂಡು ಹೋಗುತ್ತದೆ. ಬ್ರಷ್ ಹಿಂಡಿ, ಅದರ ತುದಿಯನ್ನು ಆ ನೀರಿಗೆ ತಾಗಿಸಿ. ಅದೇ ಹೀರಿಕೊಳ್ಳುತ್ತದೆ.

ಹಾಳೆಯನ್ನು ಕಿಟಕಿಯ ಕಡೆಗೆ ಓರೆ ಮಾಡಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಮೊದಲು ಕನ್ನಡಿಯ ಹೊಳಪು ಇರುತ್ತದೆ. ಆಗ ಬಣ್ಣ ಸೇರಿಸಬಹುದು. ಆಮೇಲೆ ಹೊಳಪು ತಗ್ಗಿ ಕಾಗದದ ಒರಟು ಕಾಣತೊಡಗುತ್ತದೆ, ಆದರೆ ಮುಟ್ಟಿದರೆ ತಣ್ಣಗಿರುತ್ತದೆ. ಅಲ್ಲಿಂದ ಪೂರ್ತಿ ಒಣಗುವ ತನಕ ಕೈ ಕಟ್ಟಿಕೊಂಡು ಕುಳಿತಿರಿ. ನನ್ನ ಕ್ಲಾಸಿನಲ್ಲಿ ಮಕ್ಕಳು ಚಿತ್ರ ಕೆಡಿಸುತ್ತಿದ್ದದ್ದು ಹೆಚ್ಚಾಗಿ ಆ ಹೊತ್ತಿನಲ್ಲೇ, ಸರಿಮಾಡುತ್ತೇನೆ ಅಂತ ಹೋಗಿ.

ನಲವತ್ತು ದಾಟಿದವರು ಅಂತ ಕಾಣುತ್ತದೆ, ಚಾಳೀಸು ಬಂದಿದೆಯಾ? ಪ್ರೊಗ್ರೆಸಿವ್ ಕನ್ನಡಕದಲ್ಲಿ ಹಾಳೆಯ ಮೇಲ್ಭಾಗ ಒಂದು ಥರ, ಕೆಳಭಾಗ ಇನ್ನೊಂದು ಥರ ಕಾಣುತ್ತದೆ. ಚಿತ್ರಕ್ಕೆ ಅಂತ ಒಂದೇ ಪವರಿನ ಹತ್ತಿರದ ಕನ್ನಡಕ ಮಾಡಿಸಿಕೊಳ್ಳಿ. ಸಂಜೆ ಹಳದಿ ಬಲ್ಬಿನ ಕೆಳಗೆ ಹಳದಿ, ಕಿತ್ತಳೆ ಆರಿಸಬೇಡಿ, ಬೆಳಿಗ್ಗೆ ನೋಡಿದರೆ ಗಾಬರಿಯಾಗುತ್ತದೆ.

ಇನ್ನೊಂದು ಮಾತು, ಸಂಬಂಧ ಇದೆಯೋ ಇಲ್ಲವೋ. ರುಮಾಲೆ ಚೆನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟ, ಸೇವಾದಳ, ರಾಜಕೀಯ ಅಂತ ಎಷ್ಟೋ ವರ್ಷ ಕಳೆದು, 1960ರ ದಶಕದಲ್ಲಿ ಮತ್ತೆ ಚಿತ್ರಕ್ಕೇ ಪೂರ್ತಿ ಬಂದವರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರು ಬರೆದದ್ದನ್ನು ಒಮ್ಮೆ ನೋಡಿ ಬನ್ನಿ.

ಹುಬ್ಳಿಕುಂಚ

ಮೇಷ್ಟ್ರೇ, ಫ್ಯಾನ್ ಆಫ್ ಮಾಡಿ ಅಂದಿರಿ, ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಹೆಂಗ್ರಿ?

ನಿವೃತ್ತಮೇಷ್ಟ್ರು

ಬೆಳಿಗ್ಗೆ ಬೇಗ ಏಳಪ್ಪ. ಅದಾಗದಿದ್ದರೆ ಹಾಳೆಯ ಹಿಂಬದಿಯನ್ನೂ ಒದ್ದೆ ಮಾಡಿ ಬೋರ್ಡಿಗೆ ಅಂಟಿಸಿ ಶುರುಮಾಡು, ನಿಧಾನಕ್ಕೆ ಒಣಗುತ್ತದೆ.

ತುಂಗೆದಡ

ಫ್ಯಾನ್ ಆಫ್, ಪುಸ್ತಕ ಮೇಲೆ, ಬಣ್ಣ ಜಾಸ್ತಿ. ಗೆರೆ ಹೋಯಿತು ಮೇಷ್ಟ್ರೇ. ಬ್ಲೂಮ್ ಇನ್ನೂ ಒಂದು ಮೂಲೆಯಲ್ಲಿ ಬರುತ್ತದೆ, ಕಾಯಲು ತಾಳ್ಮೆ ಸಾಲುತ್ತಿಲ್ಲ. ಚಾಳೀಸು ಊಹೆಯೂ ಸರಿ 😄

ಕೊನೇ ಪ್ರಶ್ನೆ. ಉಳಿದ ಹಳೇ ಹಾಳೆ ಏನು ಮಾಡಲಿ? ಹೊಸದನ್ನು ಎಲ್ಲಿಡಲಿ?

ಕಾಗದಹುಳ

ಹಳೇದು ಪೆನ್ಸಿಲ್, ಇದ್ದಿಲು, ಪೇಸ್ಟಲ್‌ಗೆ ಚೆನ್ನಾಗಿ ಆಗುತ್ತದೆ, ಅವಕ್ಕೆ ಸೈಜಿಂಗ್ ಬೇಕಿಲ್ಲ. ದಪ್ಪಗೆ ಹಚ್ಚುವ ಪೋಸ್ಟರ್ ಕಲರ್ ಕೂಡ ನಡೆಯುತ್ತದೆ. ಹೊಸದನ್ನು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ ಮಲಗಿಸಿಡಿ. ಹಾಕುವ ದಿನ ಮಳೆ ಇರಬಾರದು, ಇಲ್ಲದಿದ್ದರೆ ತೇವವನ್ನೇ ಒಳಗಿಟ್ಟು ಮುಚ್ಚಿದ ಹಾಗಾಗುತ್ತದೆ. ಪ್ರಾಣಿಯ ಕೂದಲಿನ ಚಿತ್ರದ ಬ್ರಷ್ ಇದ್ದರೆ ತೊಳೆದು ಪೂರ್ತಿ ಒಣಗಿಸಿ ಬೇರೆ ಡಬ್ಬಿಯಲ್ಲಿ ನುಸಿಗುಳಿಗೆ ಜೊತೆ ಇಡಿ, ಹುಳ ತಿನ್ನುತ್ತದೆ. ಬೀರುವನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಈಚೆ ಎಳೆದಿಡಿ. ಮುಂದಿನ ಆಕಾಶದ ಫೋಟೋ ಹಾಕುವಾಗ ಆ ಮೂಲೆಯನ್ನು ಹತ್ತಿರದಿಂದ ತೆಗೆಯಿರಿ. ಬ್ಲೂಮ್ ಯಾವಾಗಲೂ ಅದೇ ಮೂಲೆಯಲ್ಲಾದರೆ ನಿಮ್ಮ ಬೋರ್ಡು ಒಂದು ಕಡೆ ವಾಲಿರಬಹುದು.