ಗೆದ್ದ ಹಣ ಆನ್‌ಲೈನ್ ಕ್ಯಾಸಿನೊ ಕೊಡ್ತಿಲ್ಲ, ಹೀಗಾದವರು ಏನು ಮಾಡಿದಿರಿ?

ಪ್ರಶ್ನೆ:
ಮೂರು ವಾರದ ಹಿಂದೆ ಸ್ಲಾಟ್ ಆಟದಲ್ಲಿ 2,400 ಯೂರೊ ಬಂತು, ವಿತ್‌ಡ್ರಾ ಹಾಕಿದೆ. ಮೊದಲು ಗುರುತಿನ ಚೀಟಿ ಕೇಳಿದರು, ಆಮೇಲೆ ವಿಳಾಸದ ದಾಖಲೆ. ಎಲ್ಲಾ ಕಳಿಸಿದ ಮೇಲೂ ‘ಪರಿಶೀಲನೆಯಲ್ಲಿದೆ’ ಅನ್ನೋದೊಂದೇ ಮಾತು. ನಿನ್ನೆ ಚಾಟ್‌ನಲ್ಲಿ ‘ಬೋನಸ್ ನಿಯಮ ಮುರಿದಿದ್ದೀರಿ’ ಅಂದರು. ಆಡೋಕೆ ಅವರೇ ಸೇರಿಸಿ ಕೊಡೋ ಹಣಕ್ಕೆ ಬೋನಸ್ ಅಂತಾರೆ, ಅದರ ಯಾವ ನಿಯಮ ಅಂತ ಹೇಳ್ತಿಲ್ಲ. ಅನುಭವ ಇರೋರು ದಾರಿ ತೋರಿಸಿ.

ಉತ್ತರ 1:
ಸರ್, ಮೊದಲು ಒಂದು ಮಾತು. ಆ ವಿತ್‌ಡ್ರಾ ಕ್ಯಾನ್ಸಲ್ ಮಾಡಬೇಡಿ. ‘ಪೆಂಡಿಂಗ್’ ಅಂತ ತೋರಿಸುವಾಗ ಪಕ್ಕದಲ್ಲೇ ಒಂದು ಬಟನ್ ಇರುತ್ತೆ, ಒತ್ತಿದರೆ ದುಡ್ಡು ಮತ್ತೆ ಆಟದ ಬ್ಯಾಲೆನ್ಸಿಗೆ ಬರುತ್ತೆ. ಕಾದು ಕಾದು ಸಾಕಾಗಿ ಹನ್ನೊಂದನೇ ದಿನ ನಾನು ಒತ್ತಿದೆ, ಎರಡು ಗಂಟೆಯಲ್ಲಿ ಅರ್ಧ ಹೋಯ್ತು. ಅದಕ್ಕೆ ಯಾರ ಮೇಲೂ ದೂರು ಕೊಡೋ ಹಾಗಿಲ್ಲ. ಬ್ರಿಟನ್‌ನಲ್ಲಿ ಈ ಸೌಲಭ್ಯವನ್ನೇ 2021ರಲ್ಲಿ ನಿಷೇಧಿಸಿದರು, ಎಲ್ಲ ಕಡೆ ಆ ರಕ್ಷಣೆ ಇಲ್ಲ.

ಉಳಿದರ್ಧಕ್ಕೆ ಚಾಟ್ ಬಿಟ್ಟು ಇಮೇಲ್ ಹಿಡಿದೆ. ಬರೆದದ್ದು ಇಷ್ಟೇ: ‘ನಾನು ಮುರಿದ ಷರತ್ತಿನ ಸಂಖ್ಯೆ ಯಾವುದು, ಯಾವ ದಿನ ಎಷ್ಟು ಗಂಟೆಗೆ ಹಾಕಿದ ಬೆಟ್‌ನಲ್ಲಿ ಮುರಿದೆ, ನನ್ನ ಪೂರ್ತಿ ಬೆಟ್ ಹಿಸ್ಟರಿ ಕಳಿಸಿ.’ ಐದು ದಿನಕ್ಕೆ ಉತ್ತರ ಬಂತು. ಬೋನಸ್ ಚಾಲ್ತಿಯಲ್ಲಿರುವಾಗ ಒಂದು ಬೆಟ್ 5 ಯೂರೊ ಮೀರಬಾರದಂತೆ, ನಾನು 6 ಹಾಕಿದ್ದೆನಂತೆ. ಹಿಸ್ಟರಿ ತೆಗೆದು ನೋಡಿದರೆ ಆ ಬೆಟ್ 21:47ರದ್ದು, ಬೋನಸ್ ಶುರುವಾದದ್ದು 22:10ಕ್ಕೆ. ಎರಡೂ ಸ್ಕ್ರೀನ್‌ಶಾಟ್ ಅಕ್ಕಪಕ್ಕ ಇಟ್ಟು, ಬೇರೇನೂ ಬರೆಯದೆ ಕಳಿಸಿದೆ. ಎಂಟು ದಿನದಲ್ಲಿ ದುಡ್ಡು ಬಂತು. ನಿಮ್ಮನ್ನೂ ‘ಯಾವ ನಿಯಮ’ ಅಂತ ಹೇಳದೆ ಸತಾಯಿಸ್ತಿರೋದು ಓದಿ ಸಂಕಟ ಆಯ್ತು.

ಉತ್ತರ 2:
ಸೈಟಿನ ತಳದಲ್ಲಿ ಲೈಸೆನ್ಸ್ ಸಂಖ್ಯೆ ಇರುತ್ತೆ. ಅದನ್ನೇ ನಂಬಬೇಡಿ, ಲೈಸೆನ್ಸ್ ಕೊಟ್ಟ ಪ್ರಾಧಿಕಾರದ ಸ್ವಂತ ಪಟ್ಟಿಯಲ್ಲಿ ಹುಡುಕಿ. ಮುಂದಿನ ದಾರಿ ಅದರ ಮೇಲೇ ನಿಂತಿದೆ. ಬ್ರಿಟನ್‌ನಲ್ಲಿ ಜೂಜಿಗೆ ಲೈಸೆನ್ಸ್ ಕೊಡೋ ಗ್ಯಾಂಬ್ಲಿಂಗ್ ಕಮಿಷನ್ ಒಬ್ಬೊಬ್ಬರ ಜಗಳ ತಾನೇ ಬಿಡಿಸಲ್ಲ. ಕಂಪನಿಗೆ 8 ವಾರ ಕಾಲಾವಕಾಶ, ಅಷ್ಟರಲ್ಲಿ ಬಗೆಹರಿಯದಿದ್ದರೆ ಸ್ವತಂತ್ರ ಮಧ್ಯಸ್ಥ ಸಂಸ್ಥೆಗೆ ಹೋಗಬಹುದು, ಆಟಗಾರನಿಗೆ ಶುಲ್ಕ ಇಲ್ಲ. ಮೊದಲೇ ಕೇಳಬಹುದಾಗಿದ್ದ ದಾಖಲೆಯನ್ನು ವಿತ್‌ಡ್ರಾ ಹೊತ್ತಿಗೆ ಷರತ್ತಾಗಿ ಕೇಳುವಂತಿಲ್ಲ ಅಂತಲೂ ಅಲ್ಲಿ ನಿಯಮ ಇದೆ. ಮಾಲ್ಟಾ ಗೇಮಿಂಗ್ ಅಥಾರಿಟಿಯಲ್ಲೂ ಆಟಗಾರರ ದೂರಿಗೆ ವಿಭಾಗ ಇದೆ. ಇಂಥ ಸೈಟುಗಳಿಗೆ ಲೈಸೆನ್ಸ್ ಕೊಡೋ ಕೆರಿಬಿಯನ್ ದ್ವೀಪ ಕುರಸಾವ್‌ನಲ್ಲಿ ಜೂಜಿನ ಹೊಸ ಕಾನೂನು ಬಂದದ್ದು 2024ರ ಡಿಸೆಂಬರ್‌ನಲ್ಲಿ. ಅದಕ್ಕೆ ಮುಂಚೆ ದೊಡ್ಡ ಲೈಸೆನ್ಸ್‌ದಾರರ ಕೆಳಗೆ ಉಪ ಲೈಸೆನ್ಸ್ ಪಡೆದು ನಡೆಸ್ತಿದ್ದರು, ದೂರು ಕೊಟ್ಟು ಉತ್ತರಕ್ಕೆ ಕಾದೇ ನನಗೆ ಒಂದು ವರ್ಷ ಹೋಯ್ತು.

ಷರತ್ತುಗಳ ಪುಟವನ್ನು ಇವತ್ತೇ ಸೇವ್ ಮಾಡಿ. ನಾಳೆ ಬದಲಾಗಿರಬಹುದು.

ಉತ್ತರ 3:
ನನ್ನದು ಬೇರೆ ಕಥೆ, ತಪ್ಪು ನನ್ನದೇ. ತಮ್ಮನ ಕಾರ್ಡಿನಿಂದ ಡೆಪಾಸಿಟ್ ಮಾಡಿದ್ದೆ. ಕಾರ್ಡ್ ಆಟಗಾರನ ಹೆಸರಲ್ಲೇ ಇರಬೇಕು ಅಂತ ಷರತ್ತಿನಲ್ಲಿ ಸ್ಪಷ್ಟವಾಗಿತ್ತು. ಕಟ್ಟಿದ ಹಣ ವಾಪಸ್ ಬಂತು, ಗೆದ್ದದ್ದು ಬರಲಿಲ್ಲ. ಒಂದೇ ಮನೆಯಿಂದ ಎರಡು ಖಾತೆ, ಇರೋ ಜಾಗ ಮರೆಸೋ ವಿಪಿಎನ್, ಇವೂ ಅಷ್ಟೇ. ದೂರು ಬರೆಯೋ ಮುಂಚೆ ನಿಮ್ಮ ಕಡೆ ಇಂಥದ್ದೇನಾದರೂ ಇದೆಯಾ ನೋಡಿಕೊಳ್ಳಿ. ಬ್ಯಾಂಕಿಗೆ ಹೋಗಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಕಟ್ಟಿದ್ದನ್ನು ವಾಪಸ್ ಕೊಡಿಸಿ ಅನ್ನೋ ಅರ್ಜಿ, ಹಾಕೋದಕ್ಕೂ ಅವಸರ ಬೇಡ. ಅದರಲ್ಲಿ ಗೆದ್ದ ಹಣ ಬರಲ್ಲ, ಬಂದರೆ ಕಟ್ಟಿದ್ದಷ್ಟೇ, ಖಾತೆಯೂ ಮುಚ್ಚಬಹುದು.

ಉತ್ತರ 4:
‘ಸಾಫ್ಟ್‌ವೇರ್ ದೋಷ’ ಅಂತ ಕಂಪನಿ ಹೇಳಿದ ಮಾತ್ರಕ್ಕೆ ಎಲ್ಲಾ ಮುಗಿಯಲ್ಲ. 2018ರಲ್ಲಿ ಬ್ರಿಟನ್‌ನ ಒಬ್ಬರು ಬ್ಲ್ಯಾಕ್‌ಜಾಕ್‌ನಲ್ಲಿ ಸುಮಾರು 17 ಲಕ್ಷ ಪೌಂಡ್ ಗೆದ್ದರು, ಕಂಪನಿ ಇದೇ ಕಾರಣ ಕೊಟ್ಟು ತಡೆಯಿತು. 2021ರಲ್ಲಿ ಅಲ್ಲಿನ ಹೈಕೋರ್ಟ್ ಆಟಗಾರನ ಪರ ತೀರ್ಪು ಕೊಟ್ಟಿತು.

ಇನ್ನೊಂದು, ‘ಹಣ ಕೊಡಿಸ್ತೀವಿ, ಮೊದಲು ಫೀಸ್ ಕಟ್ಟಿ’ ಅಂತ ಮೆಸೇಜ್ ಬಂದರೆ ಉತ್ತರಿಸಬೇಡಿ. ನನ್ನಿಂದ ಹಾಗೆ ಎರಡು ಸಲ ಕಿತ್ತರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಬಟನ್ ಮುಟ್ಟಿಲ್ಲ. ಕಾರ್ಡ್ ನನ್ನದೇ, ಖಾತೆ ಒಂದೇ. ಲೈಸೆನ್ಸ್ ಮಾಲ್ಟಾ ಪಟ್ಟಿಯಲ್ಲಿ ಸಿಕ್ಕಿತು. ಷರತ್ತಿನ ಸಂಖ್ಯೆ ಮತ್ತು ಬೆಟ್ ಹಿಸ್ಟರಿ ಕೇಳಿ ಈಗಷ್ಟೇ ಇಮೇಲ್ ಹಾಕಿದೆ. ಉತ್ತರ ಬಂದ ದಿನ ಇಲ್ಲೇ ಬರೀತೀನಿ.