20 ವಾರದ ಸ್ಕ್ಯಾನಲ್ಲಿ ಮಗು ಕರುಳು ಹೊರಗಿದೆ ಅಂತಿದಾರೆ, ಯಾರಿಗಾದ್ರೂ ಗೊತ್ತಾ?

ಬೆಣ್ಣೆದೋಸೆ_ದಾವಣಗೆರೆ:
ನನ್ ಹೆಂಡ್ತಿಗೆ 21 ವರ್ಷ, ಮೊದಲ್ನೇ ಮಗು. ನಿನ್ನೆ ಅನಾಮಲಿ ಸ್ಕ್ಯಾನಲ್ಲಿ ಮಗು ಹೊಟ್ಟೆ ಗೋಡೆ ಪೂರ್ತಿ ಮುಚ್ಚಿಲ್ಲ ಕರುಳು ಹೊರಗೆ ಕಾಣ್ತಿದೆ ಅಂದ್ರು. ಎರಡು ತಿಂಗಳಲ್ಲಿ ಸ್ಕ್ಯಾನ್ ಮಾಡ್ದಾಗ ಏನೂ ಹೇಳಿರ್ಲಿಲ್ಲ. ಅಮ್ಮ ಬೇರೆ ಗ್ರಹಣದ ದಿನ ತರಕಾರಿ ಹೆಚ್ಚಿದ್ಳು ಅದಕ್ಕೇ ಹಿಂಗಾಯ್ತು ಅಂತ ಶುರು ಮಾಡಿದಾರೆ, ಇವ್ಳು ರಾತ್ರಿಯಿಂದ ಊಟನೇ ಮಾಡಿಲ್ಲ.

ನೈಟ್‌ಡ್ಯೂಟಿ_ಸಿಸ್ಟರ್:
ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಬ್ರೋ, ಅವ್ರ ತಪ್ಪೇನಿಲ್ಲ, ಮೊದ್ಲು ಊಟ ಮಾಡ್ಸಿ. ಸುಮಾರು 12 ವಾರದ ತನಕ ಎಲ್ಲಾ ಮಕ್ಕಳ ಕರುಳೂ ಹೊಕ್ಕಳುಬಳ್ಳಿ ಒಳಗೆ ಹೋಗಿ ವಾಪಸ್ ಬರುತ್ತೆ, ಅದಕ್ಕೇ ಅಷ್ಟು ಬೇಗ ಹೇಳೋಕಾಗಲ್ಲ. ರಿಪೋರ್ಟಲ್ಲಿ ಮುಖ್ಯವಾಗಿ ನೋಡ್ಬೇಕಾಗಿರೋದು ಕರುಳಿನ ಮೇಲೆ ಪೊರೆ ಇದೆಯಾ ಇಲ್ವಾ ಅಂತ. ಹೊಕ್ಕಳ ಪಕ್ಕ, ಸಾಮಾನ್ಯವಾಗಿ ಬಲಗಡೆ, ತೂತಾಗಿ ಕರುಳು ಪೊರೆ ಇಲ್ದೆ ಗರ್ಭದ ನೀರಲ್ಲಿ ತೇಲ್ತಿದ್ರೆ ಗ್ಯಾಸ್ಟ್ರೋಸ್ಕೈಸಿಸ್, ಚಿಕ್ಕ ವಯಸ್ಸಿನ ತಾಯಂದ್ರಲ್ಲಿ ಇದೇ ಜಾಸ್ತಿ, ಬೇರೆ ಅಂಗಗಳು ಹೆಚ್ಚಾಗಿ ಸರಿ ಇರ್ತವೆ. ಹೊಕ್ಕಳಲ್ಲೇ ಪೊರೆ ಒಳಗೆ ಇದ್ರೆ ಓಂಫಾಲೋಸಿಲ್, ಕೆಲವು ಸಲ ಲಿವರ್ರೂ ಅದ್ರಲ್ಲಿರುತ್ತೆ, ಅದ್ರ ಜೊತೆ ಹಾರ್ಟ್ ತೊಂದ್ರೆ, ಟ್ರೈಸೋಮಿ 13, 18 (ಒಂದು ಕ್ರೋಮೋಸೋಮ್ ಜಾಸ್ತಿ ಇರೋ ತೊಂದ್ರೆ) ಇರೋ ಚಾನ್ಸ್ ಇರೋದ್ರಿಂದ ಫೀಟಲ್ ಎಕೋ (ಮಗು ಹಾರ್ಟ್ ಸ್ಕ್ಯಾನ್), ಆಮ್ನಿಯೋ (ಗರ್ಭದ ನೀರು ತೆಗ್ದು ಮಾಡೋ ಟೆಸ್ಟ್) ಮಾಡ್ಸಿ ಅಂತಾರೆ. ಎರಡೂ ಒಂದೇ ಅನ್ಕೊಂಡು ಯೂಟ್ಯೂಬ್ ನೋಡಿ ತಲೆ ಕೆಡಿಸ್ಕೋಬೇಡಿ. ತೆಗೆಸೋ ಮಾತು ಯಾರಾದ್ರೂ ಎತ್ತಿದ್ರೆ, 24 ವಾರದ ಮೇಲೆ ಮೆಡಿಕಲ್ ಬೋರ್ಡ್ ಒಪ್ಪಿಗೆ ಬೇಕಾಗುತ್ತೆ, ಆದ್ರೆ ಪೀಡಿಯಾಟ್ರಿಕ್ ಸರ್ಜನ್ ಹತ್ರ ಮಾತಾಡದೆ ಏನೂ ತೀರ್ಮಾನ ಮಾಡ್ಬೇಡಿ.

ಚಿನ್ನು_ಅಮ್ಮ:
ನನ್ ಮಗಂಗೂ ಗ್ಯಾಸ್ಟ್ರೋಸ್ಕೈಸಿಸ್ ಇತ್ತು, ಈಗ 4 ವರ್ಷ, ಹೊಕ್ಕಳು ಸ್ವಲ್ಪ ಸೊಟ್ಟ ಅಷ್ಟೇ. ನಾವು ಮಾಡಿದ ತಪ್ಪು ಹತ್ರದ ಆಸ್ಪತ್ರೆಲಿ ಹೆರಿಗೆ ಮಾಡ್ಸಿದ್ದು. ಅಲ್ಲಿ ಮಕ್ಕಳ ಸರ್ಜನ್ ಇರ್ಲಿಲ್ಲ, ಕರುಳಿಗೆ ಪ್ಲಾಸ್ಟಿಕ್ ಸುತ್ತಿ ಆಂಬುಲೆನ್ಸಲ್ಲಿ ಕಳ್ಸಿದ್ರು, ಹೋಗೋಷ್ಟ್ರಲ್ಲಿ ಮಗು ತಣ್ಣಗಾಗ್ಬಿಟ್ಟಿತ್ತು. ನೀವು ಸರ್ಜನ್ನೂ ಎನ್‌ಐಸಿಯುನೂ (ಹುಟ್ಟಿದ ಮಕ್ಕಳ ಐಸಿಯು) ಇರೋ ಕಡೆನೇ ಬುಕ್ ಮಾಡಿ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗಲ್ಲ, ನಂದು ನಾರ್ಮಲ್ಲೇ. ಕರುಳು ಒಂದೇ ಸಲಕ್ಕೆ ಒಳಗೆ ಹೋಗ್ಲಿಲ್ಲ, ಸೈಲೋ ಅಂತ ಬ್ಯಾಗ್ ಹಾಕಿ ದಿನಾ ಸ್ವಲ್ಪಸ್ವಲ್ಪ ಇಳಿಸಿ 6ನೇ ದಿನ ಮುಚ್ಚಿದ್ರು. ಕಷ್ಟ ಅನ್ಸಿದ್ದು ಆಪರೇಷನ್ ಅಲ್ಲ, ಕರುಳು ಕೆಲ್ಸ ಶುರು ಮಾಡೋ ತನಕ ಹಾಲು ಕೊಡೋ ಹಾಗಿಲ್ಲ, ಎಲ್ಲಾ ಡ್ರಿಪ್ಪಲ್ಲೇ, ನಾನು ಹಾಲು ಹಿಂಡಿ ಫ್ರಿಜ್ಜಲ್ಲಿಡ್ತಾ ಒಂದು ತಿಂಗ್ಳು ಅಲ್ಲೇ ಕೂತಿದ್ದೆ.

ಬೆಣ್ಣೆದೋಸೆ_ದಾವಣಗೆರೆ:
ಈಗ ರಿಪೋರ್ಟ್ ತೆಗ್ದು ನೋಡ್ದೆ, ಬಲಗಡೆ, ಪೊರೆ ಇಲ್ಲ ಅಂತಿದೆ. ಸೋಮವಾರ ಸರ್ಜನ್ ಹತ್ರ ಹೋಗ್ತೀವಿ. ಅಕ್ಕ, ಆ ಬ್ಯಾಗ್ ಆಸ್ಪತ್ರೆಲೇ ಇರುತ್ತಾ, ನಾವು ತರ್ಬೇಕಾ?

ಚಿನ್ನು_ಅಮ್ಮ:
ನಮಗೆ ಅವ್ರೇ ಹಾಕಿದ್ರು, ಆದ್ರೂ ಸೋಮವಾರನೇ ಕೇಳ್ಬಿಡಿ. ಹೆಂಡ್ತಿ ಊಟ ಮಾಡಿದ್ರಾ?