ಹಿತ್ತಲಲ್ಲಿ ನಾಲ್ಕು ಕೋಳಿ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಪುಣೆಯ ನಮ್ಮ ತೋಟದ ಗುಂಪಿನಲ್ಲಿ ಕೋಳಿ ಸಾಕುವ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಗುಂಪಿನಲ್ಲೇ ಇರುವ ಪಶುವೈದ್ಯೆಯೊಬ್ಬರು ಬಿಡುವಾದಾಗ ಉತ್ತರಿಸುತ್ತಾರೆ. ಮೇಲಿನದನ್ನು ಓದಿ, ಆಮೇಲೆ ಕೇಳಿ.

ಕೊತ್ರೂಡ್ ಅಮ್ಮ: ನಮಸ್ತೆ ಡಾಕ್ಟರ್. ಮನೆ ಹಿಂದೆ ಹತ್ತಡಿಗೆ ಹನ್ನೆರಡಡಿ ಜಾಗ ಇದೆ. ಮಗಳು ಕೋಳಿಮರಿ ಬೇಕು ಅಂತ ಹಟ ಹಿಡಿದಿದ್ದಾಳೆ. ಎಷ್ಟು ತರಬಹುದು?

ಡಾಕ್ಟರ್: ನಮಸ್ತೆ. ನಾಲ್ಕು ಹೇಂಟೆ ಸಾಕು. ಒಂದನ್ನೇ ತರಬೇಡಿ, ಒಂಟಿ ಕೋಳಿ ಸೊರಗುತ್ತದೆ. ಗೂಡಿನೊಳಗೆ ಒಂದೊಂದಕ್ಕೆ ಎರಡು ಮೂರು ಚದರಡಿ, ಹೊರಗೆ ಕೆದಕಲು ಎಂಟು ಹತ್ತು ಚದರಡಿ ಇರಲಿ. ಗಿರಿರಾಜ, ವನರಾಜ, ಗ್ರಾಮಪ್ರಿಯ ಈ ತಳಿಗಳಲ್ಲಿ ಯಾವುದಾದರೂ ಹಿತ್ತಲಿಗೆ ಹೊಂದುತ್ತದೆ. ಮೊದಲ ಸಲ ಸಾಕುವವರು ಮರಿ ಬಿಟ್ಟು, ಎರಡು ಮೂರು ತಿಂಗಳ, ಲಸಿಕೆ ಆಗಿರುವ ಹೇಂಟೆ ತರುವುದು ಒಳ್ಳೆಯದು.

ಮರಿಯೇ ಬೇಕು ಅಂದರೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕಿರುಚಿದರೆ ಚಳಿ. ಮೂಲೆಗೆ ಸರಿದು ಬಾಯಿ ತೆರೆದು ಕೂತರೆ ಸೆಕೆ. ನೆಲಕ್ಕೆ ಬರೀ ಪೇಪರ್ ಹಾಸಬೇಡಿ. ಕಾಲು ಜಾರಿ ಎರಡೂ ಕಡೆ ಅಗಲಿಬಿಡುತ್ತವೆ, ಮತ್ತೆ ನೆಟ್ಟಗಾಗುವುದು ಕಷ್ಟ. ಭತ್ತದ ಹೊಟ್ಟು ಹಾಕಿ.

ಅಂಗಡಿಯಲ್ಲಿ ಸಿಗುವ ತೆಳು ಕೋಳಿ ಜಾಲರಿ ಕೋಳಿಯನ್ನು ತಡೆಯುತ್ತದೆ, ಮುಂಗುಸಿಯನ್ನಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ಗಟ್ಟಿ ತಂತಿ ಜಾಲರಿ) ಹಾಕಿಸಿ, ಒಂದಡಿ ಮಣ್ಣಿನೊಳಗೂ ಇಳಿಸಿ.

ಬಾನೇರ್ ಕುಡ್ಲ: ಹುಂಜ ಇಲ್ಲದೆ ಮೊಟ್ಟೆ ಇಡುತ್ತವಾ?

ಡಾಕ್ಟರ್: ಇಡುತ್ತವೆ. ಮರಿ ಆಗುವುದಿಲ್ಲ, ಅಷ್ಟೇ.

ವಾಕಡ್ ಟೆಕ್ಕಿ: ಮೇಡಂ, ಮಗನಿಗೆ ಸಿಗ್ನಲ್ ಹತ್ತಿರ ಬಣ್ಣದ ಮರಿ ಕೊಡಿಸಿದ್ದೆ. ಗುಲಾಬಿ, ಹಸಿರು, ನೀಲಿ. ಈಗ ಬಣ್ಣ ಹೋಗಿ ಎಲ್ಲವೂ ಬೆಳ್ಳಗಾಗಿವೆ. ಬೆಳಗಿನ ಜಾವ ನಾಲ್ಕಕ್ಕೇ ಕೂಗುತ್ತವೆ. ಸೊಸೈಟಿಯಿಂದ ನೋಟಿಸ್ ಬಂದಿದೆ. ಮೊಟ್ಟೆ ಯಾವಾಗ ಶುರುವಾಗುತ್ತದೆ?

ಡಾಕ್ಟರ್: ಯಾವತ್ತೂ ಇಲ್ಲ. ಎಲ್ಲವೂ ಹುಂಜ. ಮೊಟ್ಟೆ ತಳಿಯ ಹ್ಯಾಚರಿಯಲ್ಲಿ ಹೆಣ್ಣುಮರಿ ಆರಿಸಿದ ಮೇಲೆ ಗಂಡುಮರಿಗಳು ಅವರಿಗೆ ಬೇಡವಾಗುತ್ತವೆ. ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಅವನ್ನೇ ಬಣ್ಣದಲ್ಲಿ ಅದ್ದಿ ಮಕ್ಕಳ ಮುಂದೆ ಹಿಡಿಯುತ್ತಾರೆ. ಬಹಳಷ್ಟು ಮರಿ ಒಂದು ವಾರವೂ ಬದುಕುವುದಿಲ್ಲ. ನಿಮ್ಮವು ಬದುಕಿವೆ ಅಂದರೆ ಚೆನ್ನಾಗಿಯೇ ನೋಡಿಕೊಂಡಿದ್ದೀರಿ. ಸುತ್ತ ಮನೆ ಕಡಿಮೆ ಇರುವ ಕಡೆ ಯಾರಾದರೂ ಸಾಕುತ್ತಾರಾ ವಿಚಾರಿಸಿ. ಇನ್ನೊಮ್ಮೆ ಕೊಳ್ಳಬೇಡಿ.

ಪಿಂಪರಿ ಗೃಹಿಣಿ: ಹುಂಜ ಬೇಕೇ ಬೇಕಾ ಮೊಟ್ಟೆಗೆ?

ಡಾಕ್ಟರ್: ಬೇಡ. ಮೇಲೆ ಹೇಳಿದ್ದೇನೆ.

ಪಿಂಪರಿ ಗೃಹಿಣಿ: ಹಾಗಾದರೆ ಅದು ಸಸ್ಯಾಹಾರವೇ ಆಯಿತಲ್ವಾ? ಅದರಲ್ಲಿ ಜೀವ ಇಲ್ಲವಲ್ಲ.

ಹಡಪ್ಸರ್ ಧಾರವಾಡಿ: ಅಕ್ಕಾರ, ಮೊಟ್ಟೆ ಗಿಡದಾಗ ಬಿಡ್ತದೇನ್ರಿ?

ಪಿಂಪರಿ ಗೃಹಿಣಿ: ಹಾಲು ಗಿಡದಲ್ಲಿ ಬಿಡುತ್ತದಾ? ಕುಡಿಯುವುದಿಲ್ಲವಾ ನೀವು?

ಬಾನೇರ್ ಕುಡ್ಲ: ಶುರುವಾಯಿತು. ನಮ್ಮಲ್ಲಿ ಕೋಳಿ ಸಾರಿಗೆ ಯಾರೂ ಇಷ್ಟು ಯೋಚನೆ ಮಾಡುವುದಿಲ್ಲ.

ಹಡಪ್ಸರ್ ಧಾರವಾಡಿ: ನಿಮ್ಮನ್ನ ಯಾರು ಕೇಳಿದ್ರು?

ಅಡ್ಮಿನ್: ಈ ಚರ್ಚೆ ಬೇರೆ ಕಡೆ ಮಾಡಿ. ದಯವಿಟ್ಟು.

ಔಂಧ್ ನಿವೃತ್ತ: ಮಹಾನಗರಪಾಲಿಕೆಯ ಅನುಮತಿ ಬೇಕಾ? ಯಾರಾದರೂ ತಿಳಿದವರು ಹೇಳಿ.

ಕೊತ್ರೂಡ್ ಅಮ್ಮ: ಡಾಕ್ಟರ್, ಮರಿಗೂ ದೊಡ್ಡದಕ್ಕೂ ಒಂದೇ ಫೀಡ್ ಹಾಕಬಹುದಾ? ಉಳಿದ ಅನ್ನ?

ಡಾಕ್ಟರ್: ಬೇಡ. ಮರಿಗೆ ಸ್ಟಾರ್ಟರ್, ಆಮೇಲೆ ಗ್ರೋವರ್, ಮೊಟ್ಟೆ ಶುರುವಾದ ಮೇಲೆ ಲೇಯರ್. ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮರಿಗಳ ಕಿಡ್ನಿ ಹಾಳಾಗುತ್ತದೆ. ದೊಡ್ಡದಕ್ಕೆ ದಿನಕ್ಕೆ 100ರಿಂದ 120 ಗ್ರಾಂ ಫೀಡ್. ಅನ್ನ ಒಂದು ಹಿಡಿ ಸಾಕು.

ಧಾಯರಿ ತೋಟ: ಡಾಕ್ಟರ್, ಅರ್ಜೆಂಟ್. ಮೊನ್ನೆಯಿಂದ ಮೂರು ಕೋಳಿ ಸತ್ತವು. ಇನ್ನೊಂದು ಕತ್ತು ತಿರುಚಿಕೊಂಡು, ಕೊಕ್ಕು ಆಕಾಶಕ್ಕೆ ಮಾಡಿ ನಿಂತಲ್ಲೇ ಸುತ್ತುತ್ತಿದೆ. ಹಿಕ್ಕೆ ಹಸಿರು. ವಾಟ್ಸಾಪ್‌ನಲ್ಲಿ ಬಂದ ಹಾಗೆ ಬೆಳ್ಳುಳ್ಳಿ, ಅರಿಶಿನ, ಮೆಣಸು ಅರೆದು ಕುಡಿಸುತ್ತಿದ್ದೇನೆ. ಇನ್ನೇನು ಕೊಡಲಿ?

ಡಾಕ್ಟರ್: ಕುಡಿಸುವುದನ್ನು ಈಗಲೇ ನಿಲ್ಲಿಸಿ. ಲಸಿಕೆ ಆಗಿದೆಯಾ? ಹೊಸ ಕೋಳಿ ತಂದಿರಾ? ಪಾರಿವಾಳ ಬರುತ್ತವಾ?

ಧಾಯರಿ ತೋಟ: ಲಸಿಕೆ ಆಗಿಲ್ಲ. ಹೋದ ವಾರ ಸಂತೆಯಿಂದ ಎರಡು ಗಾವರಾನ್ (ನಾಟಿ) ಹೇಂಟೆ ತಂದು ಇವುಗಳ ಜೊತೆಗೇ ಬಿಟ್ಟೆ. ಮೊದಲು ಸತ್ತದ್ದು ಅದರಲ್ಲೇ ಒಂದು. ಪಾರಿವಾಳ ದಿನಾ ಬಂದು ಕಾಳು ತಿನ್ನುತ್ತವೆ.

ಡಾಕ್ಟರ್: ನೀವು ಹೇಳಿದ್ದನ್ನೆಲ್ಲ ಸೇರಿಸಿದರೆ ರಾಣಿಖೇತ್ ಇರಬಹುದು ಅನ್ನಿಸುತ್ತಿದೆ. ಫೋನಿನಲ್ಲಿ ಓದಿ ಖಚಿತವಾಗಿ ಹೇಳಲಾಗುವುದಿಲ್ಲ. ಹಕ್ಕಿ ಜ್ವರವೂ ಶುರುವಿಗೆ ಹೀಗೇ ಕಾಣಬಹುದು. ನಮ್ಮ ದೇಶದಲ್ಲಿ ಅದು ಮೊದಲು ಸಿಕ್ಕಿದ್ದು 2006ರಲ್ಲಿ, ಇದೇ ಮಹಾರಾಷ್ಟ್ರದ ನವಾಪುರದಲ್ಲಿ. ಹಾಗಾಗಿ ಲ್ಯಾಬ್ ಹೇಳುವವರೆಗೆ ಎರಡೂ ಇರಬಹುದು ಅಂದುಕೊಂಡೇ ನಡೆಯಿರಿ.

ರಾಣಿಖೇತ್ ವೈರಸ್ಸಿನ ರೋಗ. ಬಂದ ಮೇಲೆ ಔಷಧಿ ಇಲ್ಲ. ಉಸಿರಿಗೆ ಒದ್ದಾಡುವ ಕೋಳಿಯ ಬಾಯಿ ಬಿಡಿಸಿ ಕಷಾಯ ಹೊಯ್ದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ರೋಗಕ್ಕಿಂತ ಮೊದಲು ಕಷಾಯದಿಂದಲೇ ಸಾಯುತ್ತದೆ.

ಈಗ ಮಾಡಬೇಕಾದ್ದು. ಔಂಧ್‌ನಲ್ಲಿ ಪಶುಸಂಗೋಪನಾ ಇಲಾಖೆಯ ರೋಗ ಪತ್ತೆ ಲ್ಯಾಬ್ ಇದೆ. ಮೊದಲು ಅವರಿಗೆ ಇಲ್ಲವೇ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ, ಮೂರು ಸತ್ತಿವೆ ಅಂತ ಹೇಳಿ. ಹೀಗೆ ಸಾಲಾಗಿ ಸತ್ತರೆ ತಿಳಿಸುವುದು ಕಾನೂನು ಪ್ರಕಾರವೂ ಸಾಕಿದವರ ಕೆಲಸವೇ. ನೀವಾಗಿ ಚೀಲಕ್ಕೆ ತುಂಬಿ ಬಸ್ ಹತ್ತಬೇಡಿ. ಎಲ್ಲಕ್ಕಿಂತ ಈಚೆಗೆ ಸತ್ತದ್ದನ್ನು ಪರೀಕ್ಷೆಗೆ ಅಂತ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸುತ್ತ ಐಸ್ ಇಡಿ, ಫ್ರೀಜರಿಗೆ ಹಾಕಬೇಡಿ. ಕೈಗವಸು, ಮಾಸ್ಕ್ ಇರಲಿ. ಗೂಡಿಗೆ ಹೋಗುವ ಚಪ್ಪಲಿ ಬೇರೆ ಇರಲಿ. ಮೊಟ್ಟೆ, ಮಾಂಸ ತಿನ್ನಬೇಡಿ, ಯಾರಿಗೂ ಕೊಡಬೇಡಿ. ನಾಲೆಗೆ ಎಸೆಯಬೇಡಿ. ಪಾರಿವಾಳಕ್ಕೆ ಕಾಳು ಇಂದಿನಿಂದ ಬಂದ್. ಕತ್ತು ತಿರುಚುವ ಇದೇ ಬಗೆಯ ರೋಗ ಅವಕ್ಕೂ ಬರುತ್ತದೆ.

ಕಳೆದ ಎರಡು ವಾರದಲ್ಲಿ ಯಾರಿಗಾದರೂ ಕೋಳಿ ಕೊಟ್ಟಿದ್ದೀರಾ? ಇದಕ್ಕೆ ಮೊದಲು ಉತ್ತರಿಸಿ.

ಹಡಪ್ಸರ್ ಧಾರವಾಡಿ: ಡಾಕ್ಟ್ರೇ, ನಮ್ಮ ಅಜ್ಜಿ ಬೆಳ್ಳುಳ್ಳಿ ಕೊಟ್ಟೇ ಕೋಳಿ ಉಳಿಸುತ್ತಿದ್ದರು. ಆಗ ಯಾವ ಲಸಿಕೆ ಇತ್ತು?

ಡಾಕ್ಟರ್: ಆಗ ರೋಗ ಬಂದರೆ ಊರಿನ ಕೋಳಿಯೆಲ್ಲ ಖಾಲಿಯಾಗುತ್ತಿತ್ತು. ಸತ್ತವನ್ನು ಯಾರೂ ಲೆಕ್ಕ ಇಡಲಿಲ್ಲ.

ಚಿಂಚ್‌ವಡ್ ಅಣ್ಣ: ಎಲ್ಲರಿಗೂ ಉಪಯೋಗವಾಗಲಿ ಅಂತ ಹಾಕುತ್ತಿದ್ದೇನೆ. "ರಾಣಿಖೇತ್‌ಗೆ ರಾಮಬಾಣ! ಒಂದು ಚಮಚ ಬ್ರಾಂದಿ, ಅರ್ಧ ಮಾತ್ರೆ ಟೆಟ್ರಾಸೈಕ್ಲಿನ್, ಒಂದೇ ದಿನದಲ್ಲಿ ಗುಣ."

ಡಾಕ್ಟರ್: ಅಳಿಸಿ. ಆಂಟಿಬಯಾಟಿಕ್‌ನಿಂದ ವೈರಸ್ ಸಾಯುವುದಿಲ್ಲ. ಮೊಟ್ಟೆಯ ಮೂಲಕ ಆ ಮಾತ್ರೆ ಮನೆಯವರ ಹೊಟ್ಟೆಗೆ ಹೋಗುತ್ತದೆ. ಬ್ರಾಂದಿಗೆ ಉತ್ತರ ಕೊಡುವುದಿಲ್ಲ.

ಚಿಂಚ್‌ವಡ್ ಅಣ್ಣ: ನಾನು ಸುಮ್ನೆ ಫಾರ್ವರ್ಡ್ ಮಾಡಿದ್ದು. ಇಷ್ಟು ಸಿಟ್ಟು ಯಾಕೆ?

ಸಿಂಹಗಡ ರಸ್ತೆ: ಡಾಕ್ಟರ್, ಧಾಯರಿಯವರಿಂದ ಎರಡು ಮರಿ ಈ ಭಾನುವಾರವಷ್ಟೇ ತಂದೆ. ಒಂದು ಇವತ್ತು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಕೂತಿದೆ. ನಮ್ಮಲ್ಲಿ ಬೇರೆ ನಾಲ್ಕು ಕೋಳಿ ಇವೆ. ಇವರು ಆಗಲೇ ಹೇಳಬಾರದಿತ್ತಾ?

ಧಾಯರಿ ತೋಟ: ಭಾನುವಾರ ಎಲ್ಲವೂ ಚೆನ್ನಾಗಿದ್ದವು! ನಾನು ಬೇಕಂತಲೇ ಕೊಟ್ಟೆನಾ? ದುಡ್ಡೂ ತಗೊಂಡಿಲ್ಲ.

ಸಿಂಹಗಡ ರಸ್ತೆ: ದುಡ್ಡಿನ ಮಾತು ಯಾರು ಎತ್ತಿದರು? ನಮ್ಮ ಕೋಳಿ ಸತ್ತರೆ ಯಾರು ಕೊಡುತ್ತಾರೆ?

ಡಾಕ್ಟರ್: ಜಗಳ ಆಮೇಲೆ. ರೋಗ ಒಳಗೆ ಸೇರಿ ಹೊರಗೆ ಕಾಣಲು ಎರಡರಿಂದ ಹದಿನೈದು ದಿನ ಹಿಡಿಯಬಹುದು, ಅವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ಅದಕ್ಕೇ ಹೊಸ ಕೋಳಿಯನ್ನು ಕನಿಷ್ಠ ಮೂರು ವಾರ ಬೇರೆ ಇಡಬೇಕು ಅನ್ನುವುದು. ಸಿಂಹಗಡ ರಸ್ತೆಯವರೇ, ಆ ಎರಡನ್ನೂ ಬೇರೆ ಮಾಡಿ. ಮೊದಲು ನಿಮ್ಮ ನಾಲ್ಕಕ್ಕೆ ನೀರು, ಫೀಡ್ ಹಾಕಿ, ಕೊನೆಗೆ ಇವುಗಳ ಹತ್ತಿರ ಹೋಗಿ. ವಾಪಸ್ ಧಾಯರಿಗೆ ಒಯ್ಯಬೇಡಿ. ಲ್ಯಾಬಿಗೆ ನಿಮ್ಮ ಮನೆಯದನ್ನೂ ಹೇಳಿ.

ಬಾವ್‌ಧನ್ ಹೊಸಬ: ಕಡಕ್‌ನಾಥ್, ಆ ಕಪ್ಪು ಕೋಳಿ ತಳಿ, ಸಾಕಿದರೆ ಲಾಭ ಜಾಸ್ತಿಯಂತೆ?

ಡಾಕ್ಟರ್: ನಾಲ್ಕು ಕೋಳಿಯಲ್ಲಿ ಲಾಭ ಇಲ್ಲ. ಮೊಟ್ಟೆಯೂ ಕಡಿಮೆ.

ಕೊತ್ರೂಡ್ ಅಮ್ಮ: ಇದನ್ನೆಲ್ಲ ಓದಿ ಭಯವಾಯಿತು. ಲಸಿಕೆ ಎಲ್ಲಿ ಹಾಕಿಸುವುದು? ನಾಲ್ಕಕ್ಕೆ ಹಾಕುತ್ತಾರಾ?

ಡಾಕ್ಟರ್: ಸರಿಯಾದ ಪ್ರಶ್ನೆ. ಮರಿಗೆ ಐದರಿಂದ ಏಳನೇ ದಿನ ಲಸೋಟಾ, ಅಂದರೆ ರಾಣಿಖೇತ್ ಲಸಿಕೆ, ಕಣ್ಣಿಗೆ ಒಂದು ಹನಿ. ಎರಡನೇ ವಾರ ಗುಂಬೊರೋ ಅನ್ನುವ ಇನ್ನೊಂದು ವೈರಸ್ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟಾ. ಎಂಟನೇ ವಾರದ ಹೊತ್ತಿಗೆ ರಾಣಿಖೇತ್‌ಗೇ ಆರ್‌ಟುಬಿ ಅನ್ನುವ ಚುಚ್ಚುಮದ್ದು. ತೊಂದರೆ ಏನೆಂದರೆ ಲಸೋಟಾ ಸೀಸೆ ಬರುವುದೇ ನೂರು ಡೋಸಿಗೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ತಿಂಗಳು ಹಾಕಿದರೆ ನೀರು ಹಾಕಿದ ಹಾಗೆ. ಹತ್ತಿರದ ಮನೆಯವರು ಒಂದೇ ದಿನ ಗೊತ್ತುಮಾಡಿ. ಲಸಿಕೆ ಹಾಕುವವರು ಮನೆಮನೆಗೆ ಬರಲಿ. ಕೋಳಿಗಳನ್ನೆಲ್ಲ ಒಂದೇ ಕಡೆ ಸೇರಿಸಬೇಡಿ.

ತಳೇಗಾಂವ್ ಮಾವ: ಕೋಳಿ ಗೊಬ್ಬರ ಗುಲಾಬಿಗೆ ಹಾಗೇ ಹಾಕಬಹುದಾ?

ಎರಂಡ್ವಣೆ: ಹುಂಜ ಇಲ್ಲದಿದ್ದರೆ ಮೊಟ್ಟೆ...

ಬಾನೇರ್ ಕುಡ್ಲ: ಇಡುತ್ತವೆ ಮಾರಾಯ್ರೇ, ಇಡುತ್ತವೆ!

ಧಾಯರಿ ತೋಟ: ಇಲಾಖೆಯವರು ನಾಳೆ ಬೆಳಿಗ್ಗೆ ಬರುತ್ತಾರಂತೆ. ಸಂಜೆ ಇನ್ನೊಂದು ಹೋಯಿತು. ಉಳಿದದ್ದು ಚೆನ್ನಾಗಿ ತಿನ್ನುತ್ತಿವೆ. ಅವಕ್ಕೆ ಈಗ ಲಸಿಕೆ ಹಾಕಿಸಲಾ?

ಡಾಕ್ಟರ್: ರಿಪೋರ್ಟ್ ಬರಲಿ. ರಾಣಿಖೇತ್ ಅಂತಾದರೆ ಗಟ್ಟಿಯಾಗಿ ಕಾಣುವವಕ್ಕೆ ಹಾಕಬಹುದು, ಸಿಂಹಗಡ ರಸ್ತೆಯ ನಾಲ್ಕಕ್ಕೂ. ಆದರೆ ಆಗಲೇ ಸೋಂಕು ಸೇರಿದ್ದರೆ ಲಸಿಕೆ ಹಾಕಿದ ಮೇಲೂ ಸಾಯಬಹುದು. ಆಮೇಲೆ ಲಸಿಕೆಯಿಂದಲೇ ಸತ್ತಿತು ಅಂತ ಇನ್ನೊಂದು ಫಾರ್ವರ್ಡ್ ಹೊರಡಿಸಬೇಡಿ. ಲ್ಯಾಬಿನವರು ಏನಂದರು ಅಂತ ಇಲ್ಲೇ ಬರೆಯಿರಿ, ಇಬ್ಬರೂ.